ಕುಣಿಯ ತಂಪು

ಈ ಮಳೆಗಾಲದಲ್ಲಿ ಸುನಿಲಕುಮಾರ ಗೋಡೆಯ ಬೂಷ್ಟು ಕೆರೆಯುತ್ತಿದ್ದುದು ಮೂರನೇ ಸಲ. ಬ್ಲೀಚಿಂಗ್ ಪೌಡರ್ ತಿಕ್ಕಿದ್ದಾಯಿತು, ಸುಣ್ಣ ಬಳಿದದ್ದಾಯಿತು. ಎಂಟು ದಿನ ಕಳೆಯುವಷ್ಟರಲ್ಲಿ ಮಗ್ಗದ ಹಿಂದೆ ಅದೇ ಕಪ್ಪು ಚುಕ್ಕೆಗಳು ಹಾಜರ್! ಅವನ ಎರಡು ವರ್ಷದ ಮಗಳು ಐಶ್ವರ್ಯಾ ಕೆಮ್ಮಿ ಕೆಮ್ಮಿ ಸೊರಗಿದ್ದಳು. ಗೋಡೆ ಆರುವ ತನಕ ಕೂಸನ್ನು ಆ ಮನೆಯಲ್ಲಿ ಇಡಬೇಡಿ ಎಂದು ಡಾಕ್ಟರು ಹೇಳಿದ್ದೇ ತಡ, ಹೆಂಡತಿ ರೋಹಿಣಿ ಮಗಳನ್ನು ಎತ್ತಿಕೊಂಡು ಮುಂಡರಗಿಯ ತವರಿಗೆ ಹೋಗಿದ್ದಳು. ಅದಾಗಿ ಇಪ್ಪತ್ತು ದಿನ.

ಇಪ್ಪತ್ತು ದಿನದಿಂದ ಅವನ ತಾಯಿ ಯಮನವ್ವನಿಗೆ ಉಂಡದ್ದು ಮೈಗೆ ಹತ್ತಿರಲಿಲ್ಲ. ಮೊಮ್ಮಗಳು ಸೆರಗು ಜಗ್ಗಿ "ಆಯಿ, ಬಾ" ಅನ್ನುತ್ತಿದ್ದುದು ನೆನಪಾದರೆ ಕೈಯ ತುತ್ತು ಗಂಗಾಳಕ್ಕೇ ಮರಳುತ್ತಿತ್ತು.

ಗಾರೆ ಕೆಲಸದ ಗೌಂಡಿ ಬುಡ್ಡೇಸಾಬ ಬಂದವನೇ ಗೋಡೆಯನ್ನು ನೋಡಲಿಲ್ಲ. ನೇಯುವವರು ಕಾಲು ಇಳಿಬಿಟ್ಟು ಕೂಡುವ ಮಗ್ಗದ ಕುಣಿಗೆ ಇಳಿದು, ತಳದ ಮಣ್ಣನ್ನು ಮುಷ್ಟಿಯಲ್ಲಿ ಹಿಂಡಿದ. ಬೆರಳ ಸಂದಿಯಿಂದ ನೀರು ಸೋರಿತು.

"ನಳ ಒಡದೈತೇನ್ಲೇ ಸುನಿಲ್ಯಾ?"

"ನಳ ಹಿತ್ತಲದಾಗ ಐತಿ ಕಾಕಾ. ಅಪ್ಪ ತೀರಿಕೊಂಡು ಎರಡು ವರ್ಷಾತು, ಈ ಕುಣ್ಯಾಗ ಯಾರೂ ಕಾಲಿಟ್ಟಿಲ್ಲ."

"ಹಂಗಾರ ದಿನಾ ನೀರು ಯಾರು ಹಾಕ್ತಾರ?"

"ನಾನ," ಎಂದಳು ಬಾಗಿಲಲ್ಲಿ ನಿಂತಿದ್ದ ಯಮನವ್ವ.

ಮಗ ದಂಗಾಗಿ ತಿರುಗಿದ. "ಯಾಕಬೇ ಯವ್ವಾ?"

"ಕುಣಿ ಆರಿದ್ರ ನೂಲು ಪಟಪಟ ಹರೀತಿತ್ತಪಾ. ನಿಮ್ಮಪ್ಪ ಬಂದು ಕುಂಡ್ರೂದರಾಗ ಒಂದು ಕೊಡ ಸುರುವೂದು ನನ್ನ ಕೆಲಸ. ಮೂವತ್ತು ವರ್ಷ ಮಾಡೀನಿ. ಈಗೂ ನೀ ಏಳೂದರಾಗ ಕಸಾ ಹೊಡದ ಕೂಡ್ಲೆ ಕೈ ತಾನ ಕೊಡದ ಕಡೆ ಹೊಕ್ಕೈತಿ."

ಕೈಯ ರೂಢಿಯ ಮೇಲೆ ಹೊರೆಸಿದ್ದು ಸುಳ್ಳು. ಅದು ಅವಳಿಗೇ ಗೊತ್ತಿತ್ತು. ನೀರು ಬಿದ್ದೊಡನೆ ಏಳುವ ಹಸಿ ಮಣ್ಣಿನ ವಾಸನೆಗೆ, ಗಂಡ ಗೋಪಣ್ಣ ಇನ್ನೇನು ಬಂದು ಕೂಡುತ್ತಾನೆ ಅನ್ನಿಸುತ್ತಿತ್ತು. ಆ ಒಂದು ಗಳಿಗೆಗಾಗಿ ಸುರುವುತ್ತಿದ್ದಳು. ಅದೇ ನೀರು ಗೋಡೆ ಹತ್ತಿ ಕೂಸಿನ ಎದೆಗೆ ಇಳಿಯುತ್ತದೆಂದು ಆಕೆಗೇನು ಗೊತ್ತು, ಪಾಪ!

"ಇನ್ನ ಹಾಕೂದು ಬಿಟ್ರೂ ಮಳಿಗಾಲದಾಗ ಇದು ಆರಂಗಿಲ್ಲ ಅವ್ವಾರ," ಬುಡ್ಡೇಸಾಬ ಮೆತ್ತಗೆ ಹೇಳಿದ. "ಮಗ್ಗ ಬಿಚ್ಚಿ, ಗರಸು ಮಣ್ಣು ತುಂಬಿ, ಮ್ಯಾಲೆ ಕಲ್ಲು ಹಾಸಬೇಕು."

ಸುನಿಲಕುಮಾರ ತಾಯಿಯ ಮುಖ ನೋಡಿದ. ಬೇಡ ಅಂದಿದ್ದರೆ ಬಿಟ್ಟೇಬಿಡುತ್ತಿದ್ದ.

"ಬಿಚ್ಚರಿ," ಎಂದಳು ಯಮನವ್ವ. "ಕೂಸು ಬರ್ಲಿ. ನನಗ ಅದರ ಮಾರಿ ನೋಡಬೇಕಾಗೈತಿ."

ಮಧ್ಯಾಹ್ನದ ಹೊತ್ತಿಗೆ ಮಗ್ಗದ ಕಟ್ಟಿಗೆಗಳು ಅಂಗಳಕ್ಕೆ ಬಂದವು, ಗರಸು ಮಣ್ಣೂ ಬಂತು. ಮಗ ಬುಟ್ಟಿ ತುಂಬಿಕೊಂಡು ಒಳಗೆ ಬಂದರೆ, ಯಮನವ್ವ ಕುಣಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟಿದ್ದಳು. ಮೂವತ್ತು ವರ್ಷ ಪಕ್ಕದಲ್ಲಿ ಕೂತು ಕಂಡಿಕೆಗೆ ನೂಲು ಸುತ್ತಿದವಳು ಆ ಜಾಗದಲ್ಲಿ ಒಮ್ಮೆಯೂ ಕೂತವಳಲ್ಲ. ತಳದಲ್ಲಿ ಗೋಪಣ್ಣನ ಹಿಮ್ಮಡಿ ಊರಿ ಊರಿ ಎರಡು ತಗ್ಗು ಬಿದ್ದಿದ್ದವು. ಅವಳ ಪಾದಗಳು ಅಲ್ಲಿಗೇ ಹೋಗಿ ಕೂತಿದ್ದವು.

"ಏಳಬೇ ಯವ್ವಾ, ಕಾಲ ಮ್ಯಾಲೆ ಬೀಳತೈತಿ."

"ನೀ ಹಾಕು. ನಾ ಏಳತೀನಿ."

ಮೊದಲ ಬುಟ್ಟಿ ಬಿತ್ತು. ಅವಳು ಕಾಲೆತ್ತಲಿಲ್ಲ. ಎರಡನೆಯದಕ್ಕೆ ಕಾಲ್ಬೆರಳುಗಳು ಗರಸಿನಲ್ಲಿ ಮುಚ್ಚಿಹೋದವು. ಸುನಿಲಕುಮಾರ ಮೂರನೆಯ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ಕಾಯುತ್ತ ನಿಂತ.