ಕಿತ್ತುಬರದ ಸರ

ನನ್ನ ಕೈಕೆಲಸಕ್ಕೆ ಹೆಸರಿಡೋರನ್ನ ಕಂಡರೆ ನನಗೆ ಮೈಯೆಲ್ಲ ಉರಿಯುತ್ತೆ. ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡೀಲಿ ಕೂತು, ಒಂದೊಂದು ಓಲೆಯ ಕೊಕ್ಕೆಯನ್ನೂ ಕೆನ್ನೆಗೆ ಉಜ್ಜಿ, ಎಲ್ಲೂ ಚುಚ್ಚಲ್ಲ ಅಂತ ನೋಡಿಯೇ ಕೊಡೋಳು ನಾನು. ಕಿವಿ ಕೀವಾಗಿಸೋ ಅಗ್ಗದ ಕೊಕ್ಕೆ, ಬೆವರಿಗೆ ಕಪ್ಪಾಗೋ ತಂತಿ, ಅಂಥದ್ದೊಂದೂ ನನ್ನ ಮೇಜಿನ ಹತ್ತಿರ ಸುಳಿಯೋ ಹಾಗಿಲ್ಲ. ಅಂಥದ್ರಲ್ಲಿ ನನ್ನ ಸ್ವಂತ ತಂಗಿ, ನಾನು ಮಾಡಿಕೊಟ್ಟ ನೀಲಿ ಗಾಜಿನ ಮಣಿಸರವನ್ನ ಊಟದ ಡಬ್ಬೀಲಿ ಸುರಿದು ತಂದು ಮುಂದಿಟ್ಟರೆ ಹೇಗಾಗಬೇಡ?

"ಒರೆಸ್ಕೊಳ್ಳೋವಾಗ ಟವೆಲಿಗೆ ಸಿಕ್ಕಿಹಾಕ್ಕೊಳ್ತು ಅಕ್ಕ," ಅಂದ್ಲು.

"ಸರ ಹಾಕ್ಕೊಂಡು ಯಾರಾದ್ರೂ ಸ್ನಾನ ಮಾಡ್ತಾರೇನೇ? ತಲೇಲಿ ಏನು ತುಂಬ್ಕೊಂಡಿದೀಯ?"

ಚೆನ್ನಾಗಿ ಬೈದೆ. ಮಣಿ ಮಾತ್ರ ಒಂದೂ ಕಳೆದಿರಲಿಲ್ಲ. ಅಷ್ಟಾದ್ರೂ ಬುದ್ಧಿ ಇದೆಯಲ್ಲ ಅಂದೆ, ಅವಳು ನಕ್ಕಳು. ನೋಡಿದರೆ ಹಿಂದಿನ ಕೊಕ್ಕೆ ನೆಟ್ಟಗೆ ಬಿಚ್ಚಿಕೊಂಡು ದಾರ ಕಳಚಿತ್ತು. ತಾಮ್ರದ ತಂತಿ ಬಗ್ಗಿಸಿ ನಾನೇ ಮಾಡಿದ್ದು, ಮೆದುವಾದದ್ದು. ಅದನ್ನ ತೆಗೆದು, ಬೆರಳಲ್ಲಿ ಒತ್ತಿದರೆ ಮಾತ್ರ ಬಾಯಿ ಬಿಡೋ ಕೊಂಡಿ ಹಾಕಿ ಕೊಟ್ಟೆ.

ಸ್ವಲ್ಪ ದಿನಕ್ಕೆ ಮತ್ತೆ ಅದೇ ಡಬ್ಬಿ. ಕೊಂಡಿ ಗಟ್ಟಿಯಾಗೇ ಇತ್ತು, ದಾರ ಹರಿದಿತ್ತು.

"ಅದು ಕುತ್ತಿಗೆಯೋ ಗಾಣದ ಕಂಬವೋ?"

"ಬಾಗಿಲ ಹಿಡಿಗೆ ಸಿಕ್ಕಿಹಾಕ್ಕೊಳ್ತು." ಆಮೇಲೆ ಮೆಲ್ಲಗೆ ಅಂದ್ಲು, "ನಿಮ್ಮಕ್ಕನ ಮಾಲಿನ ಹಣೆಬರಹ ಇಷ್ಟೇ ಅಂತಾರೆ ಇವರು. ನೆಂಟರ ಎದುರಿಗೂ ಅಂದ್ರು."

ಸಾಕಲ್ಲ! ಪಿತ್ತ ನೆತ್ತಿಗೇರಿತು. ತಂಗಿ ಗಂಡ ಅಂದ್ರೆ ಹತ್ತು ಜನ ಸೇರಿದ ಕಡೆ ಹತ್ತೂ ಜನರನ್ನ ನಗಿಸೋ ಆಸಾಮಿ. ನಮ್ಮಮ್ಮನಿಗೆ ಅವನು ಬಂದ ಅಂದ್ರೆ ಮನೆಗೆ ಬೆಳಕು ಬಂದ ಹಾಗೆ. ಇವನ ಬಾಯಿ ಮುಚ್ಚಿಸದಿದ್ರೆ ನಾನು ಇಕ್ಕಳ ಹಿಡಿದಿದ್ದೇ ದಂಡ ಅಂತ ಹಟಕ್ಕೆ ಬಿದ್ದೆ. ಕೂದಲಂಥ ಉಕ್ಕಿನ ಎಳೆಗಳನ್ನ ಹೊಸೆದು ಮೇಲೆ ಪ್ಲಾಸ್ಟಿಕ್ ಹೊದಿಸಿದ ತಂತಿ ತೆಗೆದೆ. ತುದಿ ಮಡಚಿ, ಪುಟ್ಟ ಲೋಹದ ಕೊಳವೆ ತೊಡಿಸಿ, ಇಕ್ಕಳದಲ್ಲಿ ಒತ್ತಿ ಕೂರಿಸಿದೆ. ಒಂದು ಸಾಲದು ಅಂತ ಪಕ್ಕದಲ್ಲಿ ಇನ್ನೊಂದು. ಬಾಯಿ ಬಿಡೋ ಉಂಗುರ ಬೇಡ ಅಂತ ಬೆಸುಗೆ ಹಾಕಿದ್ದನ್ನೇ ಹುಡುಕಿದೆ. ಕೊಂಡೀನೂ ಉಕ್ಕಿನದೇ. ಕೊನೆಗೆ ಸರವನ್ನ ಕಿಟಕಿ ಸರಳಿಗೆ ನೇತುಹಾಕಿ, ಅದಕ್ಕೆ ಅರ್ಧ ಬಕೆಟ್ ನೀರು ತೂಗುಬಿಟ್ಟೆ. ಮಿಸುಕಲಿಲ್ಲ.

ತಂಗಿ ಅದನ್ನ ಎರಡೂ ಕೈಲಿ ಹಿಡಿದು ಎಳೆದು ನೋಡಿದಳು. "ಇಷ್ಟು ಗಟ್ಟಿ ಬೇಕಾ ಅಕ್ಕ?"

"ಬಾಯಿ ಮುಚ್ಕೊಂಡು ಹಾಕ್ಕೋ," ಅಂದೆ.

ಆಮೇಲೆ ಅವಳ ಸುದ್ದಿಯೇ ಇಲ್ಲ. ಒಂದು ಮಧ್ಯಾಹ್ನ, ಟೀಚರೊಬ್ಬರು ಓಲೆ ಆರಿಸ್ತಾ ಕೂತಿದ್ದಾಗ, ಅವಳ ಗಂಡನೇ ನಗ್ತಾ ಒಳಗೆ ಬಂದ.

"ಒಪ್ಪಿಕೊಂಡೆ ಅತ್ತಿಗೆ! ಈ ಸಲ ಭರ್ಜರಿ ಕೆಲಸ. ಜಪ್ಪಯ್ಯ ಅಂದ್ರೂ ಕಿತ್ತುಬರಲ್ಲ."

ನಾನು ಹಿಗ್ಗಿದೆ. ಥೂ, ಹಿಗ್ಗಿಬಿಟ್ಟೆ! ಟೀಚರ ಕಡೆ ನೋಡಿ, ಕೇಳಿಸ್ತಾ ಅನ್ನೋ ಹಾಗೆ ಹುಬ್ಬು ಕೂಡ ಹಾರಿಸಿದೆ.

"ಅವಳೆಲ್ಲಿ?" ಅಂತ ಕೇಳಿದೆ.

"ಗಂಟಲು ಕೂತುಬಿಟ್ಟಿದೆ, ಮಾತೇ ಹೊರಡ್ತಿಲ್ಲ. ಮನೆ ತಣ್ಣಗಿದೆ ನೋಡಿ!" ಅಂತ ಗಹಗಹಿಸಿದ. ಟೀಚರೂ ನಕ್ಕರು.

ನನ್ನ ಕೈಲಿದ್ದ ಇಕ್ಕಳ ಹಾಗೇ ನಿಂತಿತು. ಟವೆಲಿಗೆ ಸಿಕ್ಕಿದ್ದರೆ ಆ ತಾಮ್ರದ ಕೊಕ್ಕೆ ಒಂದು ಕಡೆಗೆ ವಾಲಬೇಕಿತ್ತು. ಅದು ನೆಟ್ಟಗೆ ಬಿಚ್ಚಿತ್ತು, ಮುಷ್ಟಿ ಕಟ್ಟಿ ಜಗ್ಗಿದ ಹಾಗೆ.

"ಕಿತ್ತುಬರಲ್ಲ ಅಂತ ನಿನಗೆ ಹೇಗೆ ಗೊತ್ತು? ಎಳೆದಿದ್ದು ಯಾರು?" ಅಂದೆ.

"ಅಯ್ಯೋ, ಮಾತಿಗೆ ಹೇಳಿದೆ ಅತ್ತಿಗೆ..."

ಅವನ ಮಾತು ಮುಗಿಯೋವರೆಗೆ ನಾನು ನಿಲ್ಲಲಿಲ್ಲ. ತಂತಿ ಕತ್ತರಿಸೋ ಕಟ್ಟರ್ ಎತ್ತಿಕೊಂಡು, ಅಂಗಡಿ ಟೀಚರಿಗೇ ಬಿಟ್ಟು, ಎರಡು ಬೀದಿ ದಾಟಿ ಅವಳ ಮನೆ ಬಾಗಿಲು ಬಡಿದೆ.

ಅಂಥ ಸೆಕೆಯಲ್ಲೂ ತಂಗಿ ಕುತ್ತಿಗೆಗೆ ಶಾಲು ಸುತ್ತಿಕೊಂಡಿದ್ದಳು. ಕೇಳದೆ ಎಳೆದು ಬಿಸಾಕಿದೆ. ಗಂಟಲ ಮೇಲೆ ಉದ್ದಕ್ಕೂ ನೇರಳೆ ಗುರುತು. ಒಂದು ದೊಡ್ಡದು, ಎರಡು ಸಣ್ಣವು, ಮತ್ತೆ ಒಂದು ದೊಡ್ಡದು. ನಾನು ಪೋಣಿಸಿದ ಕ್ರಮದಲ್ಲೇ. ಅದರ ಮೇಲೆ ಸರ ಹಾಗೇ ಕೂತಿತ್ತು, ಒಂದು ಮಣಿ ಕೂಡ ಅಲುಗಿರಲಿಲ್ಲ.

"ಇನ್ನೂ ಯಾಕೆ ಹಾಕ್ಕೊಂಡಿದೀಯೇ ಇದನ್ನ?"

"ತೆಗೆದರೆ ಅದಕ್ಕೂ ರಂಪ," ಅಂದ್ಲು. ದನಿ ಅಂದ್ರೆ ಬರೀ ಗಾಳಿ. "ಮೊದಲು ಹಿಂದಿನಿಂದ ಹಿಡಿದು ಜಗ್ಗಿದ ಕೂಡಲೇ ಕಿತ್ತುಹೋಗ್ತಿತ್ತಲ್ಲ ಅಕ್ಕ. ಮಣಿ ಚೆಲ್ಲಿದರೆ ಅವರು ಬಿಟ್ಟುಬಿಡೋರು. ಆರಿಸು ಅನ್ನೋರು. ಆರಿಸ್ತಾ ಕೂತರೆ ಅಲ್ಲಿಗೆ ಮುಗೀತಿತ್ತು." ನನ್ನ ಮುಖ ನೋಡಿ ಸೇರಿಸಿದಳು, "ಹಳೇ ದಾರಾನೇ ಹಾಕಿಕೊಡು. ಆ ಮೆದು ಕೊಕ್ಕೇನೇ ಇರಲಿ."

ನನಗೆ ಬಂದ ಸಿಟ್ಟಿಗೆ ಆ ಮನೆಗೇ ಬೆಂಕಿ ಇಡಬೇಕು ಅನ್ನಿಸಿತು. ಅವನ ಮೇಲೆ, ಆ ಬಕೆಟ್ಟಿನ ಮೇಲೆ, ನನ್ನ ಹಾಳು ಜಂಬದ ಮೇಲೆ. ಬೇಗ ಕಿತ್ತುಹೋಗೋ ಸರ ಬೇಕಂತೆ ನನ್ನ ತಂಗಿಗೆ! ಅಂಥದ್ದನ್ನ ನನ್ನ ಹತ್ತಿರ ಕೇಳೋ ಹಾಗೆ ಮಾಡಿಟ್ಟಿದಾನೆ ಆ ಪಾಪಿ!

"ಯಾವ ಸರಾನೂ ಮಾಡಿಕೊಡಲ್ಲ," ಅಂತ ಕಿರುಚಿದೆ. "ಬಟ್ಟೆ ತುಂಬ್ಕೋ, ನಡಿ ನಮ್ಮನೆಗೆ."

"ಅಮ್ಮ ಏನಂತಾಳೆ?"

"ಅಮ್ಮನಿಗೆ ನಿನ್ನ ಕುತ್ತಿಗೆ ತೋರಿಸ್ತೀನಿ. ಆಮೇಲೆ ಏನು ಬೇಕಾದ್ರೂ ಅನ್ನಲಿ."

ತಂತಿ ಸುಲಭಕ್ಕೆ ತುಂಡಾಗಲಿಲ್ಲ. ಚರ್ಮಕ್ಕೆ ತಾಗದ ಹಾಗೆ ನನ್ನ ಬೆರಳನ್ನ ಅಡ್ಡ ಇಟ್ಟು, ಹಲ್ಲು ಕಚ್ಚಿ ಕಟ್ಟರ್ ಅದುಮಿದೆ. ಟಕ್ ಅಂದಿದ್ದೇ ನೀಲಿ ಮಣಿಗಳು ನೆಲದ ತುಂಬ ಉರುಳಿದವು. ತಂಗಿ ತಟ್ಟನೆ ಮಂಡಿಯೂರಿ ಆರಿಸೋಕೆ ಕೂತಳು. ರಟ್ಟೆ ಹಿಡಿದು ಎಬ್ಬಿಸಿದೆ. ಅವಳ ಮುಷ್ಟೀಲಿ ನಾಲ್ಕೈದು ಮಣಿ ಇದ್ದವು.

ನಾವು ಚೀಲ ಹಿಡಿದು ಹೊಸ್ತಿಲಿಗೆ ಬರೋದಕ್ಕೂ ಅವನು ಏದುಸಿರು ಬಿಡ್ತಾ ಮೆಟ್ಟಿಲು ಹತ್ತಿ ಬರೋದಕ್ಕೂ ಸರಿಹೋಯ್ತು. ನನ್ನ ಕೈಲಿದ್ದ ಕಟ್ಟರ್ ನೋಡಿದ, ಚೀಲ ನೋಡಿದ, ಒಳಗೆ ನೆಲ ನೋಡಿದ. ಎದುರುಮನೆಯವಳು ಬಾಗಿಲಲ್ಲಿ ನಿಂತಿದ್ದಳಲ್ಲ, ಅದಕ್ಕೇ ನಗು ತಂದುಕೊಂಡ.

"ಇದೇನು ಅತ್ತಿಗೆ, ಮನೆಯೆಲ್ಲ ಮಣಿ? ಇಷ್ಟನ್ನೂ ಯಾರು ಆರಿಸ್ತಾರೆ?"

ತಂಗಿ ಚಪ್ಪಲಿ ಮೆಟ್ಟಿಕೊಂಡಳು. ಅವನ ಕಾಲ ಹತ್ತಿರ ಮುಷ್ಟಿ ಬಿಚ್ಚಿದಳು.

"ನೀವೇ ಆರಿಸ್ಕೊಳ್ಳಿ," ಅಂದಳು.