ಕಾಲಿಗೆ ಧೂಳಿಲ್ಲದ ಊರು

ಏಳು ಸೀಮೆಗಳ ಒಂದು ರಾಜ್ಯ, ಅದಕ್ಕೊಂದು ರಾಜಧಾನಿ. ವರ್ಷಕ್ಕೊಮ್ಮೆ ಸಭೆ. ಪ್ರತಿ ಸೀಮೆಯ ಪ್ರತಿನಿಧಿ ನಡೆದೇ ಬರಬೇಕು, ಕೋಟೆ ಬಾಗಿಲಲ್ಲಿ ರಾಜಧಾನಿಯವರು ಅವನ ಧೂಳುಗಾಲನ್ನು ತೊಳೆಯಬೇಕು. ಕಾಲು ತೊಳೆಸಿಕೊಂಡವನಿಗೆ ಸಭೆಯಲ್ಲಿ ಒಂದು ಮಣೆ. ದೂರದವರಿಗೆ ಮರ್ಯಾದೆ ಸಿಗಲೆಂದು ಹಿಂದಿನವರು ಮಾಡಿದ ಪದ್ಧತಿಯಿರಬೇಕು. ರಾಜಧಾನಿಯವರು ಎಲ್ಲಿಂದಲೂ ಬರುವವರಲ್ಲ. ಹಾಗಾಗಿ ಅವರಿಗೆ ಮಣೆ ಇರಲಿಲ್ಲ.

ಮಣೆ ಇಲ್ಲದಿದ್ದರೆ ಏನಾಯಿತು ಎನ್ನುವವರಿದ್ದಾರೆ. ಸೀಮೆಯ ಕೆರೆ ಸೀಮೆಯವರದು, ರಾಜಧಾನಿಯ ಕೆರೆ ಮಾತ್ರ ಸಭೆಯದು. ತೂಬು ಎತ್ತಿದರೆ ಕೆಳಗಿನ ಕೇರಿಗಳ ಬಾವಿಗೆ ಜೀವ. ಆದರೆ ಅರಮನೆಯ ಎದುರಿಗೆ ಕೆರೆ ತುಂಬಿದ್ದರೇ ಚೆಂದವೆಂದು ಸಭೆ ತೂಬು ಮುಚ್ಚಿಸಿತ್ತು, ಕೆರೆಗೆ ಕೊಡ ಇಳಿಸುವಂತೆಯೂ ಇರಲಿಲ್ಲ. ಪ್ರತಿನಿಧಿಗಳ ಕಾಲು ತೊಳೆಯುವ ನೀರನ್ನೂ ಹೆಂಗಸರು ಹರದಾರಿ ದೂರದಿಂದ ಹೊತ್ತು ತರುತ್ತಿದ್ದರು.

ಕೆಳಗಿನ ಕೇರಿಯ ಹಿರಿಯಳು ದೇವೀರಮ್ಮ ಪ್ರತಿವರ್ಷ ಮಂತ್ರಿಯ ಮುಂದೆ ನಿಲ್ಲುತ್ತಿದ್ದಳು.

“ಬುದ್ಧಿ, ನಮಗೂ ಒಂದು ಮಣೆ ಕೊಡಿ. ನಮ್ಮ ತೂಬು ನಾವು ನೋಡ್ಕೋತೀವಿ.”

“ಅಮ್ಮಾ, ಸಭೆಯೇ ನಿಮ್ಮೂರಲ್ಲಿದೆ. ಇನ್ನು ಮಣೆ ಯಾಕೆ?”

ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಎಲ್ಲರೂ ಹೇಳಬಹುದು. ಆ ಕತ್ತಲೆಯಲ್ಲಿ ಕೂತವರು ಹೇಳಿದರೆ ಮಾತ್ರ ದೀಪಕ್ಕೆ ಬೇಸರ. ಒಂದು ವರ್ಷ ಮಂತ್ರಿಗೂ ಸಾಕಾಗಿ, “ನಿಮ್ಮ ಕಾಲಲ್ಲಿ ಧೂಳೆಲ್ಲಿದೆ ತಾಯಿ?” ಎಂದುಬಿಟ್ಟ.

ದೇವೀರಮ್ಮ ಆ ಮಾತನ್ನು ಹಿಡಿದುಕೊಂಡಳು. ಮುಂದಿನ ಸಭೆಯ ಹೊತ್ತಿಗೆ ಊರಿಗೆ ಊರೇ ಗಾಡಿ ಕಟ್ಟಿ, ದೂರದ ಬೋರೆಗುಡ್ಡದ ಮೇಲೆ ಗುಡಿಸಲು ಹಾಕಿತು. ಉಳಿದವನು ಬಾಗಿಲು ಕಾಯುವ ಮುದ್ದಯ್ಯ ಒಬ್ಬನೇ. “ಮಂಡಿ ನೋವು ಕಣವ್ವ, ನಾನೆಲ್ಲಿಗೆ ಬರ್ಲಿ” ಎಂದು ಕೂತುಬಿಟ್ಟ.

ಸಭೆಯ ದಿನ ದೇವೀರಮ್ಮ ಮೊಣಕಾಲವರೆಗೆ ಧೂಳು ಮೆತ್ತಿಕೊಂಡು ಕೋಟೆ ಬಾಗಿಲಿಗೆ ಬಂದಳು. ಏಳು ಸೀಮೆಯವರೂ ಅಲ್ಲೇ ನಿಂತಿದ್ದರು. ಕಾಲು ತೊಳೆಯುವವರಿಲ್ಲ, ತೊಳೆಯದೆ ಒಳಗೆ ಹೋಗುವಂತಿಲ್ಲ. ಒಳಗೆ ಒಲೆಯೂ ಹೊತ್ತಿರಲಿಲ್ಲ. ರಾಜ ಕೆಟ್ಟವನೇನಲ್ಲ, ಅವನಿಗೂ ಹಸಿವಾಗಿತ್ತು. ಬೋರೆಯ ಕಡೆ ಅಡುಗೆಯ ಹೊಗೆ ಕಂಡದ್ದೇ ತಡ, ಎಲ್ಲರೂ ಅತ್ತ ನಡೆದರು.

ಅಲ್ಲಿ ಆ ಜನ ಸುಮ್ಮನಿರಬಹುದಿತ್ತು. ಆದರೆ ಬಾಗಿಲಿಗೆ ಬಂದವರ ಕಾಲಿಗೆ ನೀರು ಕೊಡದೆ ನಿಲ್ಲಿಸುವುದು ಅವರಿಗೆ ಗೊತ್ತಿರಲಿಲ್ಲ. ಹೆಂಗಸರು ಚೊಂಬು ತಂದರು. ಕಾಲು ತೊಳೆದಾಯಿತು, ಎಲೆ ಹಾಕಿದ್ದಾಯಿತು, ಉಂಡವರು ಹುಣಸೆಮರದ ಕೆಳಗೆ ಸಭೆ ಕೂತರು. ಸಭೆ ಕೂತಲ್ಲೇ ರಾಜಧಾನಿ ಎಂಬುದು ಮೊದಲ ತೀರ್ಮಾನ. ಹಳೆಯ ಊರು ಇನ್ನು ಎಂಟನೆಯ ಸೀಮೆ ಎಂಬುದು ಎರಡನೆಯದು.

“ಬುದ್ಧಿ, ನನ್ನ ಮಣೆ?” ಎಂದಳು ದೇವೀರಮ್ಮ.

“ಅಮ್ಮಾ, ಸಭೆಯೇ ನಿಮ್ಮೂರಿಗೆ ಬಂದಿದೆಯಲ್ಲ” ಎಂದ ಮಂತ್ರಿ.

ತಿರುಗಿ ಹಳೆಯ ಊರಿಗೆ ಹೋಗೋಣವೆಂದರು ಕೆಲವರು. ಹೋದರೆ ಸಭೆಯೂ ಬೆನ್ನಿಗೇ ಬರುತ್ತಿತ್ತು. ಉಣ್ಣುವವರು ಒಲೆಯ ಹಿಂದೆಯೇ ಹೋಗುತ್ತಾರೆ. ಅದು ಗೊತ್ತಾದ ಮೇಲೆ ಯಾರೂ ಗಾಡಿ ಕಟ್ಟಲಿಲ್ಲ.

ಮರುವರ್ಷ ಎಂಟನೆಯ ಸೀಮೆಯ ಪ್ರತಿನಿಧಿ ಕೋಲೂರಿಕೊಂಡು, ಕುಂಟುತ್ತ ಬಂದ. ಮುದ್ದಯ್ಯ. ಆ ಸೀಮೆಯಲ್ಲಿ ಬೇರೆ ಯಾರಿದ್ದರು? ದೇವೀರಮ್ಮ ಕೂತು ಅವನ ಒಂದು ಕಾಲು ತೊಳೆದಳು. ಅವನಿಗೆ ನಾಚಿಕೆಯಾಯಿತು.

“ಬ್ಯಾಡ ಕಣವ್ವ, ನಾನೇ ತೊಳ್ಕೋತೀನಿ.”

“ಇರಲಿ ಬಿಡಪ್ಪ. ಒಳಕ್ಕೆ ಹೋದಾಗ ನಮ್ಮ ತೂಬಿನ ಮಾತು ಎತ್ತು.”

“ಅದನ್ನ ಕೇಳೋದೇನೈತೆ? ಈಗ ಅದು ನನ್ನ ಸೀಮೆ ಕೆರೆ. ಹೋದ ವರ್ಷವೇ ತೂಬು ಎತ್ತಿಬಿಟ್ಟೆ. ಕೆಳಗಿನ ಕೇರಿ ಬಾವಿಯೆಲ್ಲ ತುಂಬವೆ, ಬಗ್ಗಿ ಕೈಯಲ್ಲೇ ಮೊಗೀಬೋದು. ಸೇದೋರೇ ಇಲ್ಲ.”

ಬೋರೆಗೆ ದೂರದಿಂದ ಹೊತ್ತು ತಂದ ನೀರು ಚೊಂಬಿನ ತಳದಲ್ಲಿ ಸ್ವಲ್ಪವೇ ಉಳಿದಿತ್ತು. ದೇವೀರಮ್ಮ ಅದನ್ನು ನೋಡಿದಳು.

“ಇನ್ನೊಂದು ಕಾಲು ಕೊಡಪ್ಪ” ಎಂದಳು.