ಕಿವಿಗೂ ಕಣ್ಣಿಗೂ ನಡುವೆ

ಮೊಲ ಸಾಯಲಿಲ್ಲ. ತನ್ನಿಂದ ಒಂದು ಮಾರು ಆಚೆ ಗುಂಡು ಬಿದ್ದು ಮಣ್ಣು ಚಿಮ್ಮಿದ್ದನ್ನು ತಲೆಯೆತ್ತಿ ನೋಡಿತು, ಮೂಗು ಅಲುಗಿಸಿತು, ಮತ್ತೆ ಹುಲ್ಲಿಗೆ ಬಾಯಿ ಹಾಕಿತು. ಓಡಿಹೋಗುವಷ್ಟು ಗೌರವವನ್ನೂ ಅದು ಡಾಕ್ಟರ್ ಅಖ್ತರನಿಗೆ ತೋರಿಸಲಿಲ್ಲ.

“ಗಾಳಿ,” ಎಂದ ಅಖ್ತರ್, ಬೇಲಿಯ ಹಿಂದೆ ಬೋರಲು ಮಲಗಿದ್ದಲ್ಲಿಂದಲೇ.

ಗುರಿ ತಪ್ಪಿದಾಗಲೆಲ್ಲ ಹೊಲದಲ್ಲೂ ಮನೆಯಲ್ಲೂ ಅವನು ಕೊಡುತ್ತಿದ್ದ ಕಾರಣ ಅದೇ. ಗಾಳಿ ಇರಲಿಲ್ಲ. ಇಂಗ್ಲೆಂಡಿನ ಚೆಷೈರಿನ ಆ ಹೊಲದ ಮೇಲೆ ಮಾರ್ಚ್ ತಿಂಗಳ ಮಂಜು ಕದಲದೆ ಕೂತಿತ್ತು. ಬೇಲಿಯ ಒಂದು ಮುಳ್ಳೂ ಮಿಸುಕುತ್ತಿರಲಿಲ್ಲ.

“ಗಾಳಿಯೇ ಸಾರ್. ಸಡನ್ನಾಗಿ ಬೀಸ್ತು,” ಎಂದ ಪಕ್ಕದಲ್ಲಿ ಮಲಗಿದ್ದ ತಿಮ್ಮಯ್ಯ.

ಒಬ್ಬರು ಹೇಳಿದ್ದಕ್ಕೆ ಇನ್ನೊಬ್ಬರು ಸಾಕ್ಷಿ ನಿಲ್ಲುವುದು ಅವರಿಬ್ಬರ ನಡುವೆ ಬಾಯಿಬಿಟ್ಟು ಆಡದ ಒಪ್ಪಂದವಾಗಿತ್ತು. ಚಳಿಗಾಲದಲ್ಲಿ ತಿಮ್ಮಯ್ಯ ಒಂದು ಕಾಡುಪಾರಿವಾಳವನ್ನು ಇಡೀ ಹೊಲದ ಆಚೆ ತುದಿಯಿಂದ ಹೊಡೆದುರುಳಿಸಿದ್ದನಂತೆ. ಪಾರಿವಾಳ ಬಿದ್ದದ್ದನ್ನು ನೋಡಿದವನು ಅಖ್ತರ್ ಒಬ್ಬನೇ; ಅಖ್ತರನೂ ನೋಡಿರಲಿಲ್ಲ. ಆದರೂ ಮ್ಯಾಂಚೆಸ್ಟರಿನ ಕನ್ನಡಿಗರ ಯಾವ ಕೂಟದಲ್ಲಿ ಆ ಮಾತು ಬಂದರೂ ಅವನು ಎದೆ ತಟ್ಟಿ ಸಾಕ್ಷಿ ಹೇಳಿದ್ದ. ಈಗ ಸಾಕ್ಷಿಯ ಸರದಿ ತಿಮ್ಮಯ್ಯನದು.

ತಿಮ್ಮಯ್ಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಆರ್ಕಿಟೆಕ್ಟ್. ಕೊಡಗಿನ ಮನೆತನ. ಕೋವಿ ತನ್ನ ರಕ್ತದಲ್ಲಿದೆ ಎಂದು ಹೇಳಿಕೊಳ್ಳುತ್ತಿದ್ದ. ರಕ್ತದಲ್ಲಿ ಇದ್ದಿರಲೂಬಹುದು, ಕೈಗೆ ಮಾತ್ರ ಇಳಿದಿರಲಿಲ್ಲ. ಅವನು ಬೆಳೆದದ್ದೆಲ್ಲ ಬೆಂಗಳೂರಿನ ಜಯನಗರದಲ್ಲಿ, ಅಜ್ಜನ ಕೋವಿಯನ್ನು ಅವನು ಮುಟ್ಟಿದ್ದು ಕೋವಿಪೂಜೆಯ ಹಬ್ಬಕ್ಕೆ ಊರಿಗೆ ಹೋದಾಗ ಹೂವು ಮುಡಿಸುವುದಕ್ಕೆ.

ಇನ್ನು ಅಖ್ತರ್. ಮ್ಯಾಂಚೆಸ್ಟರಿನ ವಿದನ್‌ಶಾದಲ್ಲಿ ಮನೆ, ದೊಡ್ಡ ಆಸ್ಪತ್ರೆಯೊಂದರಲ್ಲಿ ರೇಡಿಯಾಲಜಿಸ್ಟ್. ಪರರ ಮೂಳೆಯೊಳಗಿನ ಕೂದಲೆಳೆಯಂಥ ಬಿರುಕನ್ನು ಅವನ ಕಣ್ಣು ಹಿಡಿಯುತ್ತಿತ್ತು. ಬಯಲಲ್ಲಿ ಕೂತ ಮೊಲವನ್ನು ಹಿಡಿಯುತ್ತಿರಲಿಲ್ಲ. ಗಾಳಿಬಂದೂಕಿನ ಹುಚ್ಚು ಹತ್ತಿದಂದಿನಿಂದ ಅವನ ಕಾರು ರಸ್ತೆಯಲ್ಲಿ ನಿಲ್ಲತೊಡಗಿತು, ಏಕೆಂದರೆ ಗ್ಯಾರೇಜು ಕಾರ್ಖಾನೆಯಾಗಿತ್ತು. ಅಲ್ಲಿ ಅವನು ಬಂದೂಕನ್ನು ಬಿಚ್ಚುತ್ತಿದ್ದ, ಸ್ಪ್ರಿಂಗ್ ಬದಲಿಸುತ್ತಿದ್ದ, ಪಿಸ್ಟನ್ನಿಗೆ ಪಾಲಿಶ್ ಹಾಕುತ್ತಿದ್ದ, ಕೂದಲು ಬಾಚುವಷ್ಟು ನಾಜೂಕಾಗಿ ಗ್ರೀಸ್ ಸವರುತ್ತಿದ್ದ, ಗುಂಡಿನ ವೇಗ ಅಳೆಯುವ ಯಂತ್ರದ ಮುಂದೆ ಉಸಿರು ಬಿಗಿಹಿಡಿದು ಕೂರುತ್ತಿದ್ದ. ಇದಕ್ಕೆ ಟ್ಯೂನಿಂಗ್ ಎಂದು ಹೆಸರು. ಪ್ರತಿ ಟ್ಯೂನಿಂಗಿನ ನಂತರ ಬಂದೂಕಿನ ಸದ್ದು ಇನ್ನಷ್ಟು ಮೃದುವಾಗುತ್ತಿತ್ತು, ಅಖ್ತರನ ಸದ್ದು ಇನ್ನಷ್ಟು ಜೋರಾಗುತ್ತಿತ್ತು. ಪರವಾನಗಿ ಬೇಕಿಲ್ಲದ ಗಾಳಿಬಂದೂಕಿನ ಬಲಕ್ಕೆ ಇಂಗ್ಲೆಂಡಿನ ಕಾನೂನು ಮಿತಿ ಹಾಕಿದೆ. ಅದನ್ನು ಹಿಡಿದವನ ಬಾಯಿಗೆ ಮಿತಿ ಹಾಕುವ ಕಾನೂನು ಇನ್ನೂ ಬಂದಿಲ್ಲ.

ಆ ಬಾಯಿಯೇ ಈಗ ಅವನನ್ನು ಈ ಒದ್ದೆ ಹುಲ್ಲಿನಲ್ಲಿ ಮಲಗಿಸಿತ್ತು. ನಾದಿನಿ ಸದಫಳ ಮದುವೆಯಲ್ಲಿ, ತುಂಬಿದ ಪಂಕ್ತಿಯ ಮಧ್ಯೆ, ಹೆಂಡತಿಯ ಅಣ್ಣ ಜುಬೈರ್ ನಗುತ್ತಾ ಕೇಳಿದ್ದ: “ಏನ್ ಅಖ್ತರ್ ಮಿಯಾ, ಇಷ್ಟು ದಿನ ಆಯ್ತು, ಒಂದು ಮೊಲದ ಬಾಲನಾದ್ರೂ ತೋರಿಸಿದ್ದೀರಾ ನಮಗೆ?”

“ಬಾಲ ಯಾಕೆ? ನಾನೇ ಹೊಡೆದ ಮೊಲದ ಬಿರಿಯಾನಿ ತಿನ್ನಿಸ್ತೀನಿ. ಮಾರ್ಚ್‌ನಲ್ಲಿ ಬನ್ನಿ. ತಿನ್ನಿಸದಿದ್ರೆ ಈ ಬಂದೂಕು ಮತ್ತೆ ಮುಟ್ಟಲ್ಲ!”

ಮಾತನ್ನು ಇಡೀ ಪಂಕ್ತಿ ಕೇಳಿಸಿಕೊಂಡಿತ್ತು. ಕೇಳಿಸಿಕೊಳ್ಳದವರಿಗೆ ಬಂಧುಗಳ ವಾಟ್ಸಾಪ್ ಗುಂಪು ತಲುಪಿಸಿತ್ತು. ಜುಬೈರ್ ಸೇತುವೆಗಳನ್ನು ತಪಾಸಣೆ ಮಾಡುವ ಎಂಜಿನಿಯರ್, ಬರ್ಮಿಂಗ್‌ಹ್ಯಾಮಿನಲ್ಲಿ ವಾಸ. ಬಿರುಕು ಹುಡುಕುವುದೇ ಅವನ ಕಸುಬು, ತಂಗಿಯ ಗಂಡನನ್ನು ಅವನು ಬಹಳ ದಿನದಿಂದ ತಪಾಸಣೆ ಮಾಡುತ್ತಲೇ ಇದ್ದ. ಮತ್ತು ಅವನು ನಾಳೆ, ಭಾನುವಾರ, ಊಟಕ್ಕೆ ಬರುವವನಿದ್ದ.

ಅಷ್ಟರಲ್ಲಿ ಹೊಲದ ಯಜಮಾನ ಬೇಲಿಯ ಬಳಿ ಟ್ರ್ಯಾಕ್ಟರ್ ನಿಲ್ಲಿಸಿ, ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದ. ಎಲೆ, ಕಡ್ಡಿ, ತೊಗಟೆಯ ಚಿತ್ತಾರದ ಜಾಕೆಟ್ಟು, ಅದಕ್ಕೊಪ್ಪುವ ಟೋಪಿ, ಅದಕ್ಕೊಪ್ಪುವ ಫ್ಲಾಸ್ಕು.

“ನನ್ನ ಮೊಲಗಳು ಹೇಗಿವೆ?” ಎಂದು ಇಂಗ್ಲಿಷಿನಲ್ಲಿ ಕೇಳಿದ.

“ಇವತ್ತು ತುಂಬಾ ಹುಷಾರಾಗಿವೆ,” ಎಂದ ಅಖ್ತರ್.

“ಹೌದು, ನೀವು ಬರತೊಡಗಿದ ಮೇಲೆ ಅವುಗಳ ಆರೋಗ್ಯ ಸುಧಾರಿಸಿದೆ,” ಎಂದು ಹೇಳಿ ಅವನು ಟ್ರ್ಯಾಕ್ಟರ್ ಚಾಲೂ ಮಾಡಿದ.

ಮಧ್ಯಾಹ್ನ ಅಖ್ತರ್ ತಿಮ್ಮಯ್ಯನನ್ನು ಅವನ ಮನೆಯ ಬಳಿ ಇಳಿಸಿದ. ಇಳಿಸುವ ಮುನ್ನ ಕಾರಿನ ಕಿಟಕಿ ಏರಿಸಿ ತಗ್ಗಿದ ದನಿಯಲ್ಲಿ ಹೇಳಿದ: “ಮೊಲದ ವ್ಯವಸ್ಥೆ ನಾನು ಮಾಡ್ಕೋತೀನಿ. ನಾಳೆ ನೀವು ಊಟಕ್ಕೆ ಬನ್ನಿ. ನೀವು ನೋಡಿದ್ದು ಇಷ್ಟೇ: ಒಂದೇ ಏಟು, ಕಿವಿಗೂ ಕಣ್ಣಿಗೂ ನಡುವೆ.”

“ಕಿವಿಗೂ ಕಣ್ಣಿಗೂ ನಡುವೆ. ಡನ್ ಸಾರ್. ಆ ಪಾರಿವಾಳದ ಉಪಕಾರ ನಾನು ಮರೆಯೋನಲ್ಲ.”

ಅಲ್ಲಿಂದ ಅಖ್ತರ್ ಒಬ್ಬನೇ ಬೆಟ್ಟದ ಹೆದ್ದಾರಿ ದಾಟಿ ಲೀಡ್ಸ್ ಕಡೆಗೆ ಹೋದ. ಪರಿಚಯದವರು ಯಾರೂ ಸುಳಿಯದಷ್ಟು ದೂರ. ಊರಾಚೆ ಒಬ್ಬ ಮುದುಕ ಮಾಂಸಕ್ಕೆಂದು ಮೊಲ ಸಾಕುತ್ತಿದ್ದ. ಅಖ್ತರ್ ಒಂದು ಕೊಬ್ಬಿದ ಬಿಳಿ ಮೊಲವನ್ನು ಆರಿಸಿ, ಹಿತ್ತಿಲಿನಲ್ಲಿ ತಾನೇ ಹಿಡಿದು, ದೇವರ ಹೆಸರು ಹೇಳಿ, ಹರಿತವಾದ ಚೂರಿಯಿಂದ ವಿಧಿಪೂರ್ವಕವಾಗಿ ಕೊಯ್ದ. ಈ ಬೇಟೆಗಾರನ ಬದುಕಿನಲ್ಲಿ ಸರಿಯಾಗಿ ನಡೆದ ಒಂದೇ ಒಂದು ಕೆಲಸವಿದ್ದರೆ ಅದು ಇದು. ಮುಚ್ಚಿಡಬೇಕೆಂದು ಅವನು ತೀರ್ಮಾನಿಸಿದ್ದೂ ಇದನ್ನೇ. ಚರ್ಮ, ತಲೆ ಎಲ್ಲವನ್ನೂ ಮುದುಕನ ಬಳಿಯೇ ಬಿಟ್ಟು ಬಂದ. ಎಲ್ಲ ಗುರುತೂ ಅಳಿಸಿತೆಂದು ಅವನು ನಂಬಿದ್ದ.

ಸಂಜೆ ಅಡುಗೆಮನೆಯಲ್ಲಿ ಅವನ ಹೆಂಡತಿ ವಹೀದಾ ಮಾಂಸವನ್ನು ತಿರುಗಿಸಿ ನೋಡಿದಳು. ಔಷಧ ಅಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿದ್ದ ಅವಳಿಗೆ ಎದುರಿಗಿರುವವರ ಮಾತಿಗಿಂತ ಮುಖವನ್ನು ಓದುವ ಅಭ್ಯಾಸ. ಮಾಂಸ ಬೆಳ್ಳಗಿತ್ತು, ಕೊಬ್ಬಿತ್ತು, ಎಲ್ಲೂ ಒಂದು ತೂತಿರಲಿಲ್ಲ.

“ಚೂರಿ ಹಾಕಿದ್ದು ಯಾರು?”

“ನಾನೇ. ಬಿಸ್ಮಿಲ್ಲಾ ಹೇಳಿ, ನಾನೇ.” ಅವನು ನೇರವಾಗಿ ಅವಳ ಕಣ್ಣು ನೋಡಿ ಹೇಳಿದ.

“ಹೊಡೆದದ್ದು?”

ಅಖ್ತರ್ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸತೊಡಗಿದ. “ಅದೂ ನಾನೇ.”

ಸುಳ್ಳು ಹೇಳುವಾಗಲೆಲ್ಲ ಅವನ ಕನ್ನಡಕಕ್ಕೆ ಮಂಜು ಕವಿಯುತ್ತಿತ್ತು. ವಹೀದಾ ಅವನ ಜಾಕೆಟ್ಟಿನ ಕಾಲರಿನ ಕಡೆ ಒಮ್ಮೆ ನೋಡಿದಳು. ಎಲೆಕಡ್ಡಿಗಳ ಚಿತ್ತಾರದ ನಡುವೆ ಹಿಮದಂತೆ ಬೆಳ್ಳಗಿನ ನಾಲ್ಕೈದು ಕೂದಲು ಅಂಟಿದ್ದವು; ಹೊಲದ ಮೊಲಗಳೋ ಮಣ್ಣಿನ ಬಣ್ಣದವು. ಅವಳು ಮಸಾಲೆ ಅರೆಯಲು ಹೋದಳು.

ಭಾನುವಾರ ಜುಬೈರ್ ಮತ್ತು ಅವನ ಹೆಂಡತಿ ರುಮಾನ ಬಂದರು, ತಿಮ್ಮಯ್ಯ ಬಂದ. ಅಖ್ತರ್ ಊಟದ ಮೇಜಿಗೂ ಆ ಜಾಕೆಟ್ಟನ್ನೇ ತೊಟ್ಟು ಬಂದ. ತಿಮ್ಮಯ್ಯನಿಗಾಗಿ ಮಾತು ಮನೆಯ ದಖನಿ ಉರ್ದುವಿನಿಂದ ಕನ್ನಡಕ್ಕೆ ತಿರುಗಿತು. ವಹೀದಾ ಹಬೆಯಾಡುವ ಬಿರಿಯಾನಿಯ ತಟ್ಟೆಯನ್ನು ನಡುವೆ ಇಟ್ಟಳು. ಅನ್ನದ ಮೇಲೆ ಮೊಲದ ನಾಲ್ಕೂ ಕಾಲುಗಳು ಇಡಿಯಾಗಿ ಕೂತಿದ್ದವು.

“ಮಾಷಾ ಅಲ್ಲಾ,” ಎಂದ ಜುಬೈರ್, ನಿಜವಾದ ಅಚ್ಚರಿಯಿಂದ. “ನಾನು ಸೋತೆ ಮಿಯಾ. ಎಲ್ಲಿಗೆ ಬಿತ್ತು ಏಟು?”

ಎಷ್ಟೋ ತಿಂಗಳಿಂದ ಕಾದಿದ್ದ ಪ್ರಶ್ನೆ. ಅಖ್ತರ್ ಕನ್ನಡಕ ತೆಗೆದ.

“ಕಿವಿಗೂ ಕಣ್ಣಿಗೂ ನಡುವೆ. ಒಂದೇ ಏಟು. ಇಲ್ಲಿಯ ಬೇಟೆಗಾರರ ಧರ್ಮವೇ ಅದು, ಪ್ರಾಣಿಗೆ ನೋವೇ ಗೊತ್ತಾಗಬಾರದು.”

“ನಾನೇ ಕಣ್ಣಾರೆ ನೋಡಿದೆ,” ಎಂದ ತಿಮ್ಮಯ್ಯ ತಕ್ಷಣ. “ಮಿಸುಕಲೂ ಇಲ್ಲ. ಅಲ್ಲೇ ಫಿನಿಶ್!”

ಅನ್ನದ ಕಡೆ ಚಾಚಿದ್ದ ಜುಬೈರನ ಕೈ ಗಾಳಿಯಲ್ಲೇ ನಿಂತಿತು.

“ಅಲ್ಲೇ ಸತ್ತುಹೋಯ್ತಾ? ಚೂರಿ ಹಾಕೋಕೆ ಮುಂಚೆ?”

ಜುಬೈರ್ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡ.

“ಮಿಯಾ, ಸೀಸದ ಗುಂಡು ಬಾಣ ಅಲ್ಲ, ಕತ್ತಿ ಅಲ್ಲ. ಅದು ಬರೀ ಪೆಟ್ಟು. ಪೆಟ್ಟಿಗೆ ಸತ್ತದ್ದು ನಮಗೆ ಹಲಾಲ್ ಆಗಲ್ಲ. ಜೀವ ಇರುವಾಗ ಕೊಯ್ದಿರಬೇಕು. ಇದು ನಿಮಗೆ ಗೊತ್ತಿಲ್ವಾ?”

ಗೊತ್ತಿತ್ತು. ಗೊತ್ತಿದ್ದದ್ದನ್ನು ನೆನಪಿಸಿಕೊಳ್ಳಲು ಜಂಬ ಬಿಡುವು ಕೊಟ್ಟಿರಲಿಲ್ಲ. ಎರಡು ವರ್ಷದಿಂದ ಇಂಗ್ಲಿಷ್ ಬೇಟೆ ಪತ್ರಿಕೆಗಳನ್ನು ಓದಿ ಓದಿ ತಲೆಗೆ ಬಿದ್ದ ಏಟೇ ಶ್ರೇಷ್ಠವೆಂದು ಕಂಠಪಾಠ ಮಾಡಿದ್ದವನು, ಆ ಶ್ರೇಷ್ಠ ಏಟೇ ತನ್ನ ಮೇಜನ್ನು ಖಾಲಿ ಮಾಡುತ್ತದೆಂದು ಯೋಚಿಸಿರಲಿಲ್ಲ. ಹೆಂಡತಿಯ ಅಣ್ಣನನ್ನು ಕರೆದು ಕೂರಿಸಿ ಹರಾಮ್ ಬಡಿಸಿದವನು ಎಂಬ ಹೆಸರು ಬಂದರೆ ಬಂದೂಕು ಮಾತ್ರವಲ್ಲ, ಬಂಧುಬಳಗವೂ ಹೋಗುತ್ತದೆ.

“ಅಲ್ಲ, ಅಲ್ಲ,” ಎಂದ ಅವನು ಅವಸರದಿಂದ. “ಪೂರ್ತಿ ಸತ್ತಿರಲಿಲ್ಲ. ಉಸಿರಾಡ್ತಿತ್ತು.”

“ಎಲ್ಲಿ ಸಾರ್!” ತಿಮ್ಮಯ್ಯನಿಗೆ ಮೇಜಿನ ಮೇಲಿನ ಸಂಕಟ ಅರ್ಥವಾಗಿರಲಿಲ್ಲ, ಡಾಕ್ಟರು ವಿನಯ ತೋರಿಸುತ್ತಿದ್ದಾರೆ ಎಂದುಕೊಂಡ. “ಸುಮ್ಮನೆ ಕಮ್ಮಿ ಮಾಡಿ ಹೇಳ್ತಾರೆ ಇವರು. ಬಿದ್ದ ಮೇಲೆ ಒಂದು ಉಸಿರಿಲ್ಲ. ನನ್ನ ಅಜ್ಜನೂ ಅಂಥಾ ಏಟು ಹೊಡೆದಿಲ್ಲ.”

“ತಿಮ್ಮಯ್ಯ, ನಿಮಗೆ ದೂರದಿಂದ ಸರಿಯಾಗಿ ಕಂಡಿಲ್ಲ.”

“ನನಗೆ ಕಂಡಿಲ್ವಾ? ಪಾರಿವಾಳ ಹೊಡೆದ ಕಣ್ಣು ಸಾರ್ ಇದು!”

ರುಮಾನ ಸೆರಗಿನೊಳಗೆ ನಕ್ಕಳು. ಜುಬೈರ್ ನಗಲಿಲ್ಲ. ಬಿರುಕು ಕಂಡಿತ್ತು, ಅವನು ಈಗ ಕೆಲಸಕ್ಕಿಳಿದ.

“ತಲೆಗೆ ಬಿದ್ದಿದ್ರೆ ಉಸಿರು ಹೇಗಿರುತ್ತೆ ಮಿಯಾ?”

“ತಲೆಗೆ ಅಲ್ಲ...” ಅಖ್ತರ್ ಕನ್ನಡಕವನ್ನು ಒರೆಸಿದ, ಉಸಿರು ಊದಿದ, ಮತ್ತೆ ಒರೆಸಿದ. ಒಬ್ಬ ಗುರಿಕಾರ ತನ್ನ ಗುರಿಯನ್ನು ತಾನೇ ಹೀಗೆ ಅಂಗುಲ ಅಂಗುಲವಾಗಿ ಕೆಳಗಿಳಿಸಿದ್ದನ್ನು ಚೆಷೈರಿನ ಮೊಲಗಳು ನೋಡಿದ್ದರೆ ಹೊಟ್ಟೆ ಹಿಡಿದು ನಗುತ್ತಿದ್ದವು. “ಕಾಲಿಗೆ. ಹಿಂಗಾಲಿಗೆ ತಗುಲಿತ್ತು. ಓಡಿಹೋಗಿ ಕೊಯ್ದೆ.”

“ಕಾಲಿಗಾ!” ತಿಮ್ಮಯ್ಯ ನಿಜವಾಗಿಯೂ ನೊಂದ. “ಸಾರ್, ಕಾಲಿಗೆ ಹೊಡೆಯೋರ ಜೊತೆ ನಾನು ಬೇಟೆಗೆ ಬರಲ್ಲ!”

“ಯಾವ ಕಾಲು?” ಎಂದು ಜುಬೈರ್ ತಟ್ಟೆಯನ್ನು ಅಖ್ತರನ ಮುಂದಕ್ಕೆ ತಳ್ಳಿದ. “ನಾಲ್ಕೂ ಇಲ್ಲೇ ಇವೆ. ಮುರಿದ ಮೂಳೆ ತೋರಿಸೋದು ನಿಮ್ಮ ಡಿಪಾರ್ಟ್‌ಮೆಂಟ್ ಅಲ್ವಾ ಡಾಕ್ಟರ್ ಸಾಬ್? ತೋರಿಸಿ.”

ಅಖ್ತರ್ ನಾಲ್ಕು ಕಾಲುಗಳನ್ನೂ ನೋಡಿದ. ಆರೋಗ್ಯವಂತ, ದುಂಡುದುಂಡಾದ, ಒಂದು ಗೀರೂ ಇಲ್ಲದ ಕಾಲುಗಳು. ಇಂಥ ವರದಿಯನ್ನು ಅವನು ದಿನವೂ ಬರೆಯುತ್ತಿದ್ದ: ಮುರಿತ ಕಂಡುಬಂದಿಲ್ಲ.

ಆಗ ವಹೀದಾ ಕುರ್ಚಿ ಎಳೆದುಕೊಂಡು ಕೂತಳು. ಸೌಟು ತೆಗೆದುಕೊಂಡು ತನ್ನ ತಟ್ಟೆಗೆ ಅನ್ನ ಬಡಿಸಿಕೊಂಡಳು, ಅದರ ಮೇಲೆ ಒಂದು ಹಿಂಗಾಲು. ಬಿಸ್ಮಿಲ್ಲಾ ಎಂದು ತುತ್ತು ಬಾಯಿಗಿಟ್ಟಳು.

“ವಹೀದಾ!” ಜುಬೈರ್ ಎದ್ದೇ ನಿಂತ. “ಏನ್ ಮಾಡ್ತಿದ್ದೀಯ? ಅದು ಮುರ್ದಾರ್ ಆಗಿದ್ರೆ?”

“ಬಿರಿಯಾನಿ ಆರ್ತಿದೆ ಭಾಯ್,” ಎಂದಳು ಅವಳು ಅಗಿಯುತ್ತಾ. “ಆಗತ್ತೋ ಆಗಲ್ವೋ ಅವರನ್ನೇ ಕೇಳು. ನಾನಂತೂ ತಿಂತೀನಿ.”

ಮೇಜಿನ ಸುತ್ತ ಎಲ್ಲ ಕಣ್ಣುಗಳೂ ಅಖ್ತರನ ಮೇಲೆ ಬಿದ್ದವು. ವಹೀದಾ ಎರಡನೆಯ ತುತ್ತು ಕಲಸಿದಳು. ನಮಾಜು ತಪ್ಪಿಸದ ತಂಗಿ ಕೊಯ್ಯುವ ಮೊದಲೇ ಸತ್ತ ಪ್ರಾಣಿಯ ಮಾಂಸ ತಿನ್ನುತ್ತಿದ್ದಾಳೆಂದು ಅಣ್ಣ ನಂಬಿ ಹೊರಟುಹೋಗಬೇಕು. ಇಲ್ಲವೆ ಗಂಡ ಬಾಯಿ ಬಿಡಬೇಕು. ಮೂರನೆಯ ದಾರಿಯನ್ನು ಅವಳು ಉಳಿಸಿರಲಿಲ್ಲ. ತುತ್ತು ತುಟಿಯ ಹತ್ತಿರ ಬಂತು.

“ಅದು ನೋಡಿ ಜುಬೈರ್ ಸಾರ್,” ಎಂದು ತಿಮ್ಮಯ್ಯ ಮತ್ತೆ ನೆರವಿಗೆ ಧಾವಿಸಿದ, “ಕಿವಿಗೂ ಕಣ್ಣಿಗೂ...”

“ತಿಮ್ಮಯ್ಯ, ಬಾಯಿ ಮುಚ್ಚಿ!” ಅಖ್ತರನ ಕನ್ನಡಕ ಮೇಜಿನ ಮೇಲೆ ಬಿದ್ದಿತ್ತು, ಈ ಸಲ ಅವನು ಅದನ್ನು ಮುಟ್ಟಲಿಲ್ಲ. “ಕೊಂಡು ತಂದದ್ದು. ಲೀಡ್ಸ್ ಹತ್ತಿರ, ಸಾಕಿದ ಮೊಲ. ಗುಂಡು ಗಿಂಡು ಏನೂ ಬಿದ್ದಿಲ್ಲ ಅದಕ್ಕೆ. ಜೀವಂತ ಹಿಡಿದು ನಾನೇ ಕೊಯ್ದೆ.”

ಜುಬೈರನ ಕಣ್ಣು ಅಖ್ತರನಿಂದ ತಿಮ್ಮಯ್ಯನತ್ತ ಹೊರಳಿತು.

“ಹೌದು,” ಎಂದ ತಿಮ್ಮಯ್ಯ, ಕೊಟ್ಟ ಮಾತಿಗೆ ಕೊನೆಯವರೆಗೂ ನಿಲ್ಲುವವನಂತೆ. “ಕೊಂಡದ್ದನ್ನೂ ನಾನೇ ಕಣ್ಣಾರೆ ನೋಡಿದೆ.”

ರುಮಾನ ಬಾಯಿಗೆ ಸೆರಗು ಅದುಮಿಕೊಂಡು ಅಡುಗೆಮನೆಗೆ ಓಡಿದಳು. ಅಲ್ಲಿಂದ ಬಂದ ಸದ್ದು ಕೆಮ್ಮಲ್ಲ.

ಜುಬೈರ್ ಮತ್ತೆ ಕೂತ. ತಂಗಿಯ ಮುಖ ನೋಡಿದ, ಅವಳು ಹೌದೆಂದು ತಲೆಯಾಡಿಸಿದಳು. ಸೇತುವೆಯ ಕೊನೆಯ ಕಂಬವನ್ನೂ ತಟ್ಟಿ ನೋಡುವವನಂತೆ ಅಖ್ತರನತ್ತ ತಿರುಗಿದ.

“ಚೂರಿ ಒಂದೇ ಸಲಕ್ಕೆ ಎಳೆದ್ರಾ?”

“ಒಂದೇ ಸಲಕ್ಕೆ.”

“ಅಷ್ಟಾದ್ರೂ ಬರುತ್ತಲ್ಲ,” ಎಂದು ಜುಬೈರ್ ಕೈ ಚಾಚಿ ಇನ್ನೊಂದು ಹಿಂಗಾಲನ್ನು ತನ್ನ ತಟ್ಟೆಗೆ ಹಾಕಿಕೊಂಡ. “ವಹೀದಾ, ಬಿರಿಯಾನಿ ಅದ್ಭುತ. ವಾಪಸ್ ಹೋಗೋವಾಗ ಆ ಬಂದೂಕನ್ನ ನಮ್ಮ ಕಾರಲ್ಲಿ ಇಡ್ತೀನಿ ಅಂತ ಮಿಯಾಗೆ ಹೇಳು. ಮದುವೆಯಲ್ಲಿ ಅವರೇ ಹೇಳಿದ ಮಾತು, ನಂದಲ್ಲ.”

ವಹೀದಾ ಗಂಡನಿಗೂ ಬಡಿಸಿದಳು. ಬಡಿಸಲು ಬಾಗಿದಾಗ, ಅವನ ಕಾಲರಿನಿಂದ ಒಂದು ಬಿಳಿ ಕೂದಲನ್ನು ಎರಡು ಬೆರಳಲ್ಲಿ ಹಿಡಿದು ತೆಗೆದು, ಬೆಳಕಿಗೆ ಹಿಡಿದು ನೋಡಿ, ಊದಿಬಿಟ್ಟಳು.

“ಗಾಳಿ,” ಎಂದಳು.